ಮೋ ಟಕರ್: ಡ್ರಮ್ ಯಾರದ್ದು, ಬಾರಿಸೋ ಕೈ ಯಾರದ್ದು?

ಇದು ಉದ್ದದ ಪೋಸ್ಟ್. ಬಿಡುವಾದಾಗ ಓದಿ, ಆದರೆ ಪೂರ್ತಿ ಓದಿ.

"ಹೆಣ್ಣುಮಕ್ಕಳು ಹಾಡಲಿ, ಕೋರಸ್ ಕೊಡಲಿ, ಬೇಕಾದ್ರೆ ಕುಣಿಯಲಿ. ಬಡಿಯೋದು ಮಾತ್ರ ಗಂಡಸರ ಕೆಲಸ." ಈ ಮಾತು ನಮ್ಮ ಕೇರಿಗಳಲ್ಲಿ, ನಮ್ಮ ಹೋರಾಟದ ವೇದಿಕೆಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತೆ ಅಂದ್ರೆ, ಅದನ್ನ ಯಾರೂ ಪ್ರಶ್ನೆ ಮಾಡೋದೇ ಇಲ್ಲ. ತೋಳಲ್ಲಿ ಕಸುವು ಬೇಕು ಅಂತಾರೆ. ರಾತ್ರಿಯೆಲ್ಲ ನಿಂತು ಬಡೀಬೇಕು ಅಂತಾರೆ. ಹೆರಿಗೆಯಾದ ತಿಂಗಳೊಳಗೆ ಕೂಲಿಗೆ ಹೋದ, ತಲೆ ಮೇಲೆ ಕಲ್ಲು ಹೊತ್ತ ಹೆಂಗಸರ ತೋಳಿನ ಬಗ್ಗೆ ಈ ಮಾತು ಆಡ್ತಾರೆ!

ಇದು ನಮ್ಮ ಹಳ್ಳಿಗಳ ರೋಗ ಮಾತ್ರ ಅಂದ್ಕೋಬೇಡಿ. ಸ್ವಾತಂತ್ರ್ಯ, ಬಂಡಾಯ ಅಂತ ಅಬ್ಬರಿಸಿದ ಅಮೆರಿಕದ ರಾಕ್ ಸಂಗೀತದಲ್ಲೂ ಇದೇ ನಿಯಮ ಇತ್ತು. ಮುಂದೆ ಮೈಕ್ ಹಿಡಿದು ಹೆಣ್ಣು ಹಾಡಬಹುದು. ಹಿಂದೆ ಡ್ರಮ್ ಸೆಟ್ ಹತ್ರ ಇರೋನು ಗಂಡಸೇ. 1965ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಬ್ಯಾಂಡಿಗೆ ಸೇರಿ ಆ ನಿಯಮವನ್ನು ಮುರಿದವರಲ್ಲಿ ಒಬ್ಬರು ಮೌರೀನ್ ಟಕರ್. ಎಲ್ಲರೂ ಕರೆಯೋದು ಮೋ ಟಕರ್ ಅಂತ. ಬ್ಯಾಂಡಿನ ಹೆಸರು ದಿ ವೆಲ್ವೆಟ್ ಅಂಡರ್‌ಗ್ರೌಂಡ್.

ಬಿಳಿ ಹೆಣ್ಣುಮಗಳೊಬ್ಬಳ ರಾಕ್ ಬ್ಯಾಂಡಿನ ಕಥೆ ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಎರಡು ಕಾರಣಕ್ಕೆ. ಆ ಬಡಿತ ಅವರ ಕೈಗೆ ಎಲ್ಲಿಂದ ಬಂತು ಅನ್ನೋದು ಒಂದು. ಕೊನೆಗೆ ಅವರು ಎಲ್ಲಿ ಹೋಗಿ ನಿಂತರು ಅನ್ನೋದು ಇನ್ನೊಂದು. ಎರಡೂ ನಮಗೆ ಬೇಕಾದ ಕಥೆಗಳೇ.

*

ಮೊದಲು ಬಡಿತದ ಕಥೆ. ಇದು ಮೋ ಹುಟ್ಟೋಕೆ ಇನ್ನೂರು ವರ್ಷ ಮುಂಚೆ ಶುರುವಾಗುತ್ತೆ.

1739ರ ಸೆಪ್ಟೆಂಬರ್. ಆಗಿನ್ನೂ ಬ್ರಿಟಿಷರ ವಸಾಹತಾಗಿದ್ದ ದಕ್ಷಿಣ ಕ್ಯಾರೊಲಿನಾ. ಅಲ್ಲಿನ ಸ್ಟೋನೊ ನದಿಯ ಹತ್ತಿರ ಗುಲಾಮಗಿರಿಯಲ್ಲಿದ್ದ ಕಪ್ಪು ಜನ ದಂಗೆ ಎದ್ದರು. ಅಂಗಡಿಯೊಂದಕ್ಕೆ ನುಗ್ಗಿ ಬಂದೂಕು ಕಿತ್ತುಕೊಂಡು, ಬಾವುಟ ಹಿಡಿದು, ಡ್ರಮ್ ಬಾರಿಸುತ್ತಾ, ಸ್ವಾತಂತ್ರ್ಯ ಅಂತ ಕೂಗುತ್ತಾ, ಸ್ಪೇನಿನವರ ಕೈಲಿದ್ದ ಫ್ಲೋರಿಡಾ ಕಡೆಗೆ ಹೊರಟರು. ದಾರಿಯುದ್ದಕ್ಕೂ ಇನ್ನಷ್ಟು ಜನ ಬಂದು ಸೇರಿಕೊಂಡರು. ಬಿಳಿಯರು ಆ ದಂಗೆಯನ್ನು ರಕ್ತ ಹರಿಸಿ ಅಡಗಿಸಿದರು. ಮರುವರ್ಷವೇ, 1740ರಲ್ಲಿ, ಹೊಸ ಕಾನೂನು ಬಂತು. ಗುಲಾಮರು ಡ್ರಮ್, ಕೊಂಬು, ಜನರನ್ನ ಕೂಡಿಸಬಲ್ಲ ಜೋರು ಸದ್ದಿನ ಯಾವ ವಾದ್ಯವನ್ನೂ ಬಳಸುವಂತಿಲ್ಲ. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳಿತು: ಗುಲಾಮರಿಗೆ ಬರೆಯೋದು ಕಲಿಸುವಂತಿಲ್ಲ. ಕಲಿಸಿದವರಿಗೆ ದಂಡ.

ಅಕ್ಷರವನ್ನೂ ಡ್ರಮ್ಮನ್ನೂ ಒಂದೇ ಕಾನೂನಿನಲ್ಲಿ ಕಿತ್ತುಕೊಂಡರು ನೋಡಿ. ಅಕ್ಷರ ಯಾಕೆ ಕಿತ್ತುಕೊಳ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಡ್ರಮ್ ಯಾಕೆ? ಯಾಕಂದ್ರೆ ಅದೂ ಸುದ್ದಿ ಮುಟ್ಟಿಸುತ್ತೆ. ಅದೂ ಜನರನ್ನ ಒಟ್ಟು ಮಾಡುತ್ತೆ. ಧಣಿಗೆ ಅರ್ಥ ಆಗದ ಭಾಷೆಯಲ್ಲಿ ಅದು ಮಾತಾಡುತ್ತೆ.

ಡ್ರಮ್ ಕಿತ್ತುಕೊಂಡ ಮೇಲೆ ಆ ಜನ ಮೈಯನ್ನೇ ವಾದ್ಯ ಮಾಡಿಕೊಂಡರು. ತೊಡೆ, ಎದೆ, ಅಂಗೈ, ಪಾದ. ಇದಕ್ಕೆ ಜೂಬಾ ಅಂತ, ಹ್ಯಾಂಬೋನ್ ಅಂತ ಹೆಸರು. ಧಣಿ ವಾದ್ಯ ಕಿತ್ತುಕೊಳ್ಳಬಹುದು, ತೊಡೆ ಕಿತ್ತುಕೊಳ್ಳೋಕೆ ಆಗುತ್ತಾ? ತಾಯಿಯಿಂದ ಮಗುವಿಗೆ, ಓಣಿಯಿಂದ ಓಣಿಗೆ ಆ ತಾಳ ಉಳಿದುಕೊಂಡು ಬಂತು.

1955ರಲ್ಲಿ ಶಿಕಾಗೊದಲ್ಲಿ ಬೋ ಡಿಡ್ಲಿ ತಮ್ಮದೇ ಹೆಸರಿನ ಹಾಡನ್ನು ರೆಕಾರ್ಡ್ ಮಾಡಿದರು. ಮಿಸಿಸಿಪ್ಪಿಯಲ್ಲಿ ಹುಟ್ಟಿ, ಚಿಕ್ಕ ವಯಸ್ಸಲ್ಲೇ ಶಿಕಾಗೊಗೆ ಬಂದ ಕಪ್ಪು ಕಲಾವಿದ. ಆ ಹಾಡಿನ ತಾಳ ಹ್ಯಾಂಬೋನಿಗೆ ಬಹಳ ಹತ್ತಿರದ ನೆಂಟ. ಮೂರು ಏಟು, ಒಂದು ಸಣ್ಣ ಉಸಿರು, ಮತ್ತೆ ಎರಡು ಏಟು. ಅದನ್ನ ಇವತ್ತಿಗೂ "ಬೋ ಡಿಡ್ಲಿ ಬೀಟ್" ಅಂತಲೇ ಕರೀತಾರೆ. ಆಮೇಲೆ ಬಂದ ಎಷ್ಟೋ ಬಿಳಿ ರಾಕ್ ಬ್ಯಾಂಡುಗಳು ಈ ತಾಳ ಎತ್ತಿಕೊಂಡು ದುಡ್ಡು ಮಾಡಿದವು. ಇನ್ನೊಂದು ವಿಷಯ ಗಮನಿಸಿ. ಬೋ ಡಿಡ್ಲಿ ತಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸೋಕೆ 1957ರಲ್ಲೇ ಪೆಗ್ಗಿ ಜೋನ್ಸ್ ಅನ್ನೋ ಹೆಣ್ಣುಮಗಳನ್ನು ಸೇರಿಸಿಕೊಂಡಿದ್ದರು. ಅವರ ನಂತರ ಬಂದದ್ದೂ ಇನ್ನೊಬ್ಬ ಹೆಣ್ಣುಮಗಳೇ, ನಾರ್ಮಾ ಜೀನ್ ವೊಫರ್ಡ್. ಹೆಣ್ಣಿಗೆ ವಾದ್ಯ ಕೊಡೋದನ್ನ ಬಿಳಿಯರ ಬಂಡಾಯಗಾರ ಬ್ಯಾಂಡುಗಳಿಗಿಂತ ಮುಂಚೆ ಒಬ್ಬ ಕಪ್ಪು ಕಲಾವಿದ ಮಾಡಿ ತೋರಿಸಿದ್ದರು.

*

ಈಗ ಮೋ ಟಕರ್ ಬೆಳೆದ ಊರಿಗೆ ಬರೋಣ. 1944ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಹುಡುಗಿ ಬೆಳೆದದ್ದು ನಗರದ ಹೊರಗೆ, ಲಾಂಗ್ ಐಲ್ಯಾಂಡಿನ ಲೆವಿಟ್‌ಟೌನ್‌ನಲ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಅಂತ 1947ರಿಂದ ಸಾಲುಸಾಲಾಗಿ, ಒಂದೇ ಅಚ್ಚಿನಲ್ಲಿ, 17,000ಕ್ಕೂ ಹೆಚ್ಚು ಮನೆ ಕಟ್ಟಿದ ಬಡಾವಣೆ ಅದು. ಶುರುವಿನ ಕರಾರುಪತ್ರದಲ್ಲೇ ಬರೆದಿತ್ತು: ಈ ಮನೆಯಲ್ಲಿ ಬಿಳಿಯರಲ್ಲದವರು ವಾಸ ಮಾಡುವಂತಿಲ್ಲ. ಮನೆಗೆಲಸದವರಿಗೆ ಮಾತ್ರ ವಿನಾಯಿತಿ! ಅದೇ ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕನಿಗೂ ಅಲ್ಲಿ ಮನೆ ಇಲ್ಲ. ಇಂಥ ಕರಾರುಗಳನ್ನು ಜಾರಿ ಮಾಡೋ ಹಾಗಿಲ್ಲ ಅಂತ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಕಾಗದದಲ್ಲಿ ಸಾಲು ಅಳಿಸಿದರೂ ಬಡಾವಣೆ ಬಿಳಿಯಾಗೇ ಉಳೀತು. ಬಾಡಿಗೆ ಮನೆ ಕೇಳೋಕೆ ಹೋಗಿ "ನೀವು ಯಾವ ಜನ?" ಅನ್ನೋ ಪ್ರಶ್ನೆ ಎದುರಿಸಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಆ ಬೇಲಿಯೊಳಗೆ ಕಪ್ಪು ಜನರನ್ನ ಬಿಡಲಿಲ್ಲ. ಆದರೆ ರೇಡಿಯೋ ಬೇಲಿ ಕೇಳುತ್ತಾ? ರೇಡಿಯೋದಲ್ಲಿ ಬೋ ಡಿಡ್ಲಿ ಬಂದರು. ಬಾಬಾತುಂಡೆ ಒಲಾತುಂಜಿ ಬಂದರು.

ಒಲಾತುಂಜಿ ಅವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ನೈಜೀರಿಯಾದ ಯೊರುಬಾ ಜನ. 1950ರಲ್ಲಿ ಓದೋಕೆ ಅಂತ ಅಮೆರಿಕಕ್ಕೆ ಬಂದರು. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಓದಿದರು. ಮಾರ್ಟಿನ್ ಲೂಥರ್ ಕಿಂಗ್ ಓದಿದ್ದೂ ಅದೇ ಕಾಲೇಜು. ಮುಂದೆ ಒಲಾತುಂಜಿ ಕಪ್ಪು ಜನರ ಹಕ್ಕಿನ ಹೋರಾಟದ ಸಭೆಗಳಲ್ಲಿ ಡ್ರಮ್ ಬಾರಿಸಿದರು. 1960ರಲ್ಲಿ ಬಂದ ಅವರ "ಡ್ರಮ್ಸ್ ಆಫ್ ಪ್ಯಾಶನ್" ಅನ್ನೋ ಆಲ್ಬಂ ಆಫ್ರಿಕದ ಡ್ರಮ್ಮನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. 1740ರಲ್ಲಿ ಕಾನೂನು ಮಾಡಿ ಕಿತ್ತುಕೊಂಡ ಸದ್ದು 220 ವರ್ಷ ಆದಮೇಲೆ ಬಿಳಿಯರ ಬಡಾವಣೆಯ ನಡುಮನೆಗೇ ಹೋಗಿ ಕೂತುಕೊಂಡಿತು.

ಅದನ್ನು ಕೇಳಿದ ಹುಡುಗಿ ಹತ್ತೊಂಬತ್ತರ ವಯಸ್ಸಿಗೆ ಡ್ರಮ್ ಶುರು ಮಾಡಿದಳು. ಗುರು ಇಲ್ಲ, ಕ್ಲಾಸ್ ಇಲ್ಲ. ಅಪ್ಪ ಮನೆಗಳಿಗೆ ಬಣ್ಣ ಬಳಿಯೋ ಕೆಲಸದವರು. ಮಗಳಿಗೆ ಐಬಿಎಂನಲ್ಲಿ ಕೀಪಂಚ್ ಕೆಲಸ, ಅಂದ್ರೆ ಆಗಿನ ಕಂಪ್ಯೂಟರುಗಳಿಗೆ ಬೇಕಾದ ಕಾರ್ಡುಗಳಿಗೆ ದಿನವಿಡೀ ಕೂತು ತೂತು ಹೊಡೆಯೋದು. ಸಂಜೆ ಮನೆಗೆ ಬಂದು ಬೋ ಡಿಡ್ಲಿ ರೆಕಾರ್ಡ್ ಹಾಕಿ ಅದರ ಜೊತೆ ಬಾರಿಸೋದು. ಇಷ್ಟೇ ಆಕೆಯ ಸಂಗೀತ ಶಾಲೆ.

*

ಬ್ಯಾಂಡ್ ಸೇರಿದ ಕಥೆ ಚೆನ್ನಾಗಿದೆ. ಲೂ ರೀಡ್, ಜಾನ್ ಕೇಲ್, ಸ್ಟರ್ಲಿಂಗ್ ಮಾರಿಸನ್, ಆಂಗಸ್ ಮ್ಯಾಕ್‌ಲೈಸ್ ಅಂತ ನಾಲ್ಕು ಜನ ಹುಡುಗರು ಒಂದು ಬ್ಯಾಂಡ್ ಕಟ್ಟಿದ್ದರು. 1965ರ ಡಿಸೆಂಬರ್ 11ಕ್ಕೆ ನ್ಯೂಜೆರ್ಸಿಯ ಸಮಿಟ್ ಹೈಸ್ಕೂಲಿನಲ್ಲಿ ಕಾರ್ಯಕ್ರಮ ಸಿಕ್ಕಿತು. ಸಂಭಾವನೆ 75 ಡಾಲರ್, ಎಲ್ಲರಿಗೂ ಸೇರಿ. ದುಡ್ಡು ತಗೊಂಡು ಬಾರಿಸಿದರೆ ಕಲೆ ಮಾರಿಕೊಂಡಂಗೆ ಅಂತ ಹೇಳಿ ಡ್ರಮ್ಮರ್ ಮ್ಯಾಕ್‌ಲೈಸ್ ಬ್ಯಾಂಡ್ ಬಿಟ್ಟು ನಡೆದರು.

ಆಗ ಮಾರಿಸನ್‌ಗೆ ನೆನಪಾದದ್ದು ಗೆಳೆಯ ಜಿಮ್ ಟಕರ್ ತಂಗಿ. ಅವಳಿಗೆ ಡ್ರಮ್ ಬರುತ್ತೆ, ಅವಳ ಹತ್ತಿರ ಡ್ರಮ್ ಇದೆ. ಜಾನ್ ಕೇಲ್ ಒಪ್ಪಲಿಲ್ಲ. ಬ್ಯಾಂಡಿಗೆ ಹೆಣ್ಣು ಬೇಡವೇ ಬೇಡ ಅಂತ ಪಟ್ಟು ಹಿಡಿದರು. ಆದರೆ ಕಾರ್ಯಕ್ರಮ ಹತ್ತಿರ ಬಂದಿತ್ತು, ಬೇರೆ ದಾರಿ ಇರಲಿಲ್ಲ.

ಇದನ್ನ ನಾನು ಒತ್ತಿ ಹೇಳ್ತಿದೀನಿ. ಹೆಣ್ಣುಮಕ್ಕಳಿಗೆ, ತಳದ ಜನಕ್ಕೆ ಬಾಗಿಲು ತೆರೆಯೋದು ಬಹಳ ಸಲ ಹೀಗೇ. ಯಾರದೋ ದೊಡ್ಡ ಮನಸ್ಸಿನಿಂದ ಅಲ್ಲ, ಅವರಿಗೆ ಬೇರೆ ದಾರಿ ಇಲ್ಲದಾಗ. ತಾತ್ಕಾಲಿಕ ಅಂತ ಒಳಗೆ ಬಿಟ್ಕೋತಾರೆ. ಆಮೇಲೆ ಒಳಗೆ ಬಂದೋರು ಕೆಲಸ ಮಾಡಿ ತೋರಿಸ್ತಾರೆ, ಹೊರಗೆ ಕಳಿಸೋಕೆ ನೆಪ ಸಿಗಲ್ಲ. ಮೋ ಉಳಿದುಕೊಂಡರು. ದುಡ್ಡು ತಗೊಂಡರೆ ಕಲೆ ಕೆಡುತ್ತೆ ಅನ್ನೋ ಚಿಂತೆ ದಿನಗೂಲಿ ಲೆಕ್ಕದಲ್ಲಿ ಬದುಕೋರಿಗೆ ಬರಲ್ಲ.

*

ಅವರು ಬಾರಿಸಿದ ರೀತಿ ಹೇಗಿತ್ತು? ಮಾಮೂಲಿ ರಾಕ್ ಡ್ರಮ್ಮರ್ ಸ್ಟೂಲಿನ ಮೇಲೆ ಕೂತು, ಸುತ್ತ ಹತ್ತು ಸಾಮಾನು ಜೋಡಿಸಿಕೊಂಡು, ಕಾಲಲ್ಲಿ ದೊಡ್ಡ ಬೇಸ್ ಡ್ರಮ್ ಒದೀತಾ, ಕೈಯಲ್ಲಿ ಕೋಲು ತಿರುಗಿಸ್ತಾ, ಸಿಂಬಲ್‌ಗಳನ್ನ ಝಣಝಣ ಅನ್ನಿಸ್ತಾ ಇರ್ತಾನೆ. ಮೋ ಟಕರ್ ಸ್ಟೂಲ್ ಎತ್ತಿಟ್ಟರು. ಕಾಲಿಂದ ಬಾರಿಸೋ ಬೇಸ್ ಡ್ರಮ್ಮನ್ನು ಚರ್ಮ ಮೇಲೆ ಬರೋ ಹಾಗೆ ಮಲಗಿಸಿದರು. ನಿಂತುಕೊಂಡು, ತುದಿಗೆ ಮೆತ್ತನೆ ಉಂಡೆ ಇರೋ ಮ್ಯಾಲೆಟ್ ಕೋಲುಗಳಿಂದ ಅದನ್ನ ಬಾರಿಸಿದರು. ಸಿಂಬಲ್ ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಅದರ ಝಣಝಣದಲ್ಲಿ ಹಾಡುವವರ ದನಿ, ಗಿಟಾರು ಎಲ್ಲ ಮುಚ್ಚಿಹೋಗುತ್ತೆ ಅನ್ನೋದು ಅವರ ಲೆಕ್ಕ.

ತಮಟೆ ಕಂಡವರು ಈ ಚಿತ್ರವನ್ನ ಕಣ್ಣಮುಂದೆ ತಂದುಕೊಳ್ಳಿ. ನಿಂತ ದೇಹ, ಎರಡು ಕೋಲು, ಚರ್ಮ, ಬಿಡದ ಬಡಿತ. ಒಲಾತುಂಜಿ ಅವರ ರೆಕಾರ್ಡಿನಿಂದ ಅವರು ಕಲಿತದ್ದು ಇದನ್ನೇ: ಡ್ರಮ್ ಅಂದ್ರೆ ಆಟ ತೋರಿಸೋದಲ್ಲ, ಜನರನ್ನ ಒಟ್ಟಿಗೆ ಹಿಡಿದಿಡೋದು.

1967ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ "ಹೆರಾಯಿನ್" ಅನ್ನೋ ಹಾಡಿದೆ. ಅದರಲ್ಲಿ ಡ್ರಮ್ ನಿಧಾನ ಶುರುವಾಗಿ, ಓಡಿ, ಮತ್ತೆ ನಿಧಾನ ಆಗಿ, ಮತ್ತೆ ಓಡುತ್ತೆ. ಎದೆಬಡಿತದ ಹಾಗೆ. ಸ್ಟುಡಿಯೋದಲ್ಲಿ ಉಳಿದವರ ಗದ್ದಲದಲ್ಲಿ ಮೋಗೆ ಏನೂ ಕೇಳಿಸದೆ ಒಂದು ಕಡೆ ಬಾರಿಸೋದನ್ನೇ ನಿಲ್ಲಿಸಿಬಿಟ್ಟರು. ಹುಡುಗರು ಗಮನಿಸದೆ ಮುಂದುವರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮೋ ಮತ್ತೆ ಹಿಡಿದುಕೊಂಡರು. ಅದು ಹಾಗೆಯೇ ರೆಕಾರ್ಡಿನಲ್ಲಿದೆ. ಕೇಳಿ ನೋಡಿ. ಡ್ರಮ್ ನಿಂತಾಗಲೇ ಗೊತ್ತಾಗೋದು, ಅಲ್ಲಿವರೆಗೆ ಹಾಡನ್ನ ಹೊತ್ತು ನಿಂತಿದ್ದು ಯಾರು ಅಂತ. 1968ರ "ಸಿಸ್ಟರ್ ರೇ" ಹದಿನೇಳು ನಿಮಿಷದ ಗಲಾಟೆ. ಗಿಟಾರು, ಆರ್ಗನ್ ಒಂದರ ಮೇಲೊಂದು ಏರಿಹೋಗುವಾಗ ಅದಕ್ಕೊಂದು ನೆಲ ಕೊಟ್ಟವರು ಮೋ.

1966ರಲ್ಲಿ, ಚಿತ್ರಕಾರ ಆಂಡಿ ವಾರ್ಹಾಲ್ ಜೊತೆ ಬ್ಯಾಂಡ್ ಪ್ರದರ್ಶನ ಕೊಡ್ತಿದ್ದ ದಿನಗಳಲ್ಲಿ, ಮೋ ಡ್ರಮ್ ಸೆಟ್ ಕಳುವಾಯಿತು. ಬೀದಿಯಿಂದ ಕಸದ ಡ್ರಮ್ಮುಗಳನ್ನು ತಂದು, ಬೋರಲು ಹಾಕಿ, ಮೈಕಿಟ್ಟು ಬಾರಿಸಿದರು. ರಾಕ್ ಇತಿಹಾಸದಲ್ಲಿ ಇದನ್ನ ದೊಡ್ಡ ಕಲಾ ಪ್ರಯೋಗದ ಹಾಗೆ ಹೇಳ್ತಾರೆ. ಹೇಳಲಿ, ತಪ್ಪಲ್ಲ. ಆದರೆ ನಮ್ಮೂರುಗಳಲ್ಲಿ ಕಸದ ಡಬ್ಬಿ ಮುಟ್ಟೋ ಕೈಗಳ ಹೆಸರು ಪೌರಕಾರ್ಮಿಕ. ಆ ಕೈಗಳಿಗೆ ನೀರನ್ನು ಇವತ್ತಿಗೂ ಬೇರೆ ಲೋಟದಲ್ಲಿ ಕೊಡೋ ಮನೆಗಳಿವೆ. ಅದೇ ಡಬ್ಬಿ ಒಬ್ಬರ ಕೈಯಲ್ಲಿ ಕಲೆ, ಇನ್ನೊಬ್ಬರ ಕೈಯಲ್ಲಿ ಕಳಂಕ. ವ್ಯತ್ಯಾಸ ಇರೋದು ಡಬ್ಬಿಯಲ್ಲಿ ಅಲ್ಲ.

*

ಮೋ ಟಕರ್ ಅವರನ್ನು "ಮೊದಲಿಗರು" ಅನ್ನೋರಿದ್ದಾರೆ. ಪಯಣ ತೆರೆದವರಲ್ಲಿ ಒಬ್ಬರು ಅನ್ನೋದು ಸರಿ, ಮೊದಲಿಗರು ಅನ್ನೋದು ಸರಿಯಲ್ಲ. ಇತಿಹಾಸ ಬರೆಯುವಾಗ ನಮಗೆ ಈ ಎಚ್ಚರ ಇರಬೇಕು. "ಮೊದಲು" ಅನ್ನೋ ಪದ ಯಾರನ್ನೋ ಅಳಿಸದೆ ಬರೋದು ಕಡಿಮೆ.

1964ರಲ್ಲಿ ಇಂಗ್ಲೆಂಡಿನಲ್ಲಿ ಹನಿಕೂಂಬ್ಸ್ ಬ್ಯಾಂಡಿನ ಹಾಡೊಂದು ಮೊದಲ ಸ್ಥಾನಕ್ಕೆ ಹೋಯಿತು. ಡ್ರಮ್ಮರ್ ಹನಿ ಲ್ಯಾಂಟ್ರೀ, ಸಲೂನ್‌ನಲ್ಲಿ ಕೆಲಸ ಮಾಡ್ತಿದ್ದ ಹುಡುಗಿ. ತೋರಿಕೆಗೆ ಕೂರಿಸಿದ್ದಾರೆ ಅನ್ನೋ ಮಾತನ್ನು ಅವರು ಕೇಳಬೇಕಾಯಿತು. ಇನ್ನೂ ಹಿಂದೆ, 1942ರಲ್ಲೇ, ಜಾಝ್ ಡ್ರಮ್ಮರ್ ವಯೋಲಾ ಸ್ಮಿತ್ ಹೆಣ್ಣು ವಾದ್ಯಗಾರರಿಗೂ ಅವಕಾಶ ಕೊಡಿ ಅಂತ ಡೌನ್ ಬೀಟ್ ಪತ್ರಿಕೆಯಲ್ಲಿ ಲೇಖನ ಬರೆದಿದ್ದರು.

ನನಗೆ ಇವರೆಲ್ಲರಿಗಿಂತ ಮುಖ್ಯ ಅನ್ನಿಸೋದು ಪಾಲಿನ್ ಬ್ರ್ಯಾಡಿ. ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಂ ಅನ್ನೋ ಜಾಝ್ ಬ್ಯಾಂಡಿನ ಡ್ರಮ್ಮರ್. ಮಿಸಿಸಿಪ್ಪಿಯ ಪೈನಿ ವುಡ್ಸ್ ಶಾಲೆಯಲ್ಲಿ, ಬಡ ಕಪ್ಪು ಮಕ್ಕಳ ಶಾಲೆಯಲ್ಲಿ, 1930ರ ದಶಕದ ಕೊನೆಗೆ ಹುಟ್ಟಿದ ತಂಡ. ಶಾಲೆಗೆ ನಿಧಿ ಎತ್ತೋಕೆ ಊರೂರು ಸುತ್ತುತ್ತಿದ್ದ ಹುಡುಗಿಯರು, ಆಮೇಲೆ ಸ್ವತಂತ್ರ ಬ್ಯಾಂಡ್ ಆದರು. ಎಲ್ಲರೂ ಹೆಣ್ಣುಮಕ್ಕಳು. ಕಪ್ಪು, ಕಂದು, ಏಷ್ಯಾ ಮೂಲ, ನಂತರ ಬಿಳಿಯರೂ ಸೇರಿದರು. ದಕ್ಷಿಣದ ರಾಜ್ಯಗಳಲ್ಲಿ ಹೋಟೆಲು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಬಸ್ಸಿನಲ್ಲೇ ಊಟ, ಬಸ್ಸಿನಲ್ಲೇ ನಿದ್ದೆ. ಕಪ್ಪು ಬಿಳಿ ಒಟ್ಟಿಗೆ ವೇದಿಕೆ ಹತ್ತಿದರೆ ಪೊಲೀಸರು ಬರ್ತಾರೆ ಅಂತ ಬಿಳಿ ಹುಡುಗಿಯರು ಮುಖಕ್ಕೆ ಕಂದು ಬಣ್ಣ ಹಚ್ಚಿಕೊಳ್ಳಬೇಕಿತ್ತು. ಇಂಥ ತಂಡವನ್ನ ವರ್ಷಗಟ್ಟಲೆ ತಾಳದಲ್ಲಿ ಹಿಡಿದು ನಡೆಸಿದವರು ಪಾಲಿನ್ ಬ್ರ್ಯಾಡಿ. ಮೋ ಹೆಸರು ಗೊತ್ತಿರೋ ಎಷ್ಟು ಜನಕ್ಕೆ ಇವರ ಹೆಸರು ಗೊತ್ತು?

*

ಇನ್ನು ಮೋ ಬದುಕಿನ ಎರಡನೇ ಭಾಗ. ಇದನ್ನ ರಾಕ್ ಪತ್ರಿಕೆಗಳು ಬೇಗ ಬೇಗ ದಾಟಿಬಿಡ್ತವೆ.

1970ರಲ್ಲಿ ಬ್ಯಾಂಡ್ "ಲೋಡೆಡ್" ಆಲ್ಬಂ ರೆಕಾರ್ಡ್ ಮಾಡುವಾಗ ಮೋ ಬಸುರಿ. ಅದರಲ್ಲಿ ಅವರು ಬಾರಿಸಲೇ ಇಲ್ಲ. ಅವರ ಜಾಗದಲ್ಲಿ ಬೇರೆ ಬೇರೆಯವರು ಬಾರಿಸಿದರು. ಆಲ್ಬಂ ಮೇಲೆ ಮಾತ್ರ ಮೋ ಹೆಸರೇ ಅಚ್ಚಾಯಿತು. ಮಗು ಹುಟ್ಟಿದ ಮೇಲೆ ವಾಪಸ್ ಬಂದು ಬ್ಯಾಂಡಿನ ಜೊತೆ ಇನ್ನಷ್ಟು ಕಾಲ ಸುತ್ತಿದರು. ಅಷ್ಟರಲ್ಲಿ ಲೂ ರೀಡ್ ಬಿಟ್ಟು ಹೋಗಿದ್ದರು. ಕೊನೆಗೆ ಮೋ ಕೂಡ ಬಿಟ್ಟರು. ಗಂಡಸರಿಗೆ ಬ್ಯಾಂಡ್ ಮುರಿದರೆ ಒಂಟಿ ಕಲಾವಿದನ ಹೊಸ ಅಧ್ಯಾಯ. ಹೆಣ್ಣಿಗೆ ಬ್ಯಾಂಡ್ ಮುರಿದರೆ ಮನೆ.

ಐದು ಮಕ್ಕಳು. ಮದುವೆ ಮುರಿಯಿತು. ಜಾರ್ಜಿಯಾ ರಾಜ್ಯದ ಡಗ್ಲಸ್ ಅನ್ನೋ ಸಣ್ಣ ಊರು. ಅಲ್ಲಿ ವಾಲ್‌ಮಾರ್ಟ್‌ನಲ್ಲಿ ಕೆಲಸ. ಅಷ್ಟು ಹೊತ್ತಿಗೆ ವೆಲ್ವೆಟ್ ಅಂಡರ್‌ಗ್ರೌಂಡ್ ದಂತಕಥೆ ಆಗಿತ್ತು. ಅಮೆರಿಕ, ಯುರೋಪಿನ ಹೊಸ ಬ್ಯಾಂಡುಗಳೆಲ್ಲ ಅವರ ಹೆಸರು ಹೇಳ್ತಿದ್ದವು. ಜೀಸಸ್ ಅಂಡ್ ಮೇರಿ ಚೈನ್ ಬ್ಯಾಂಡಿನ ಡ್ರಮ್ಮರ್ ಮೋ ಹಾಗೆಯೇ ನಿಂತು, ಎರಡೇ ಡ್ರಮ್ ಬಾರಿಸಿ ಹೆಸರು ಮಾಡಿದ. ಆ ಶೈಲಿ ಹುಟ್ಟಿಸಿದವರು ಮಾತ್ರ ವಾಲ್‌ಮಾರ್ಟಿನಲ್ಲಿ ಪಾಳಿ ಮುಗಿಸಿ ಮಕ್ಕಳಿಗೆ ಅಡುಗೆ ಮಾಡೋಕೆ ಮನೆಗೆ ಓಡ್ತಿದ್ದರು.

ಆದರೂ ಕೈ ಸುಮ್ಮನಿರಲಿಲ್ಲ. 1981ರಲ್ಲಿ "ಪ್ಲೇಯಿನ್ ಪಾಸಮ್" ಅನ್ನೋ ಆಲ್ಬಂ ತಂದರು. ಮನೆಯಲ್ಲೇ ರೆಕಾರ್ಡಿಂಗ್. ಎಲ್ಲ ವಾದ್ಯವನ್ನೂ ತಾವೇ ನುಡಿಸಿದರು. ಅದರಲ್ಲಿ ಬೋ ಡಿಡ್ಲಿ ಅವರ ಹಾಡಿದೆ. "ಎಲ್ಲಾಸ್" ಅಂತ ಒಂದು ತುಣುಕೂ ಇದೆ. ಎಲ್ಲಾಸ್ ಅನ್ನೋದು ಬೋ ಡಿಡ್ಲಿ ಅವರ ಹುಟ್ಟುಹೆಸರು. ತನಗೆ ತಾಳ ಕೊಟ್ಟವರು ಯಾರು ಅಂತ ಮೋ ಮರೆತಿರಲಿಲ್ಲ. ಇದನ್ನ ಅವರ ಪರವಾಗಿ ಬರೆದಿಡಲೇಬೇಕು.

1989ರಲ್ಲಿ ಬಂದ "ಲೈಫ್ ಇನ್ ಎಕ್ಸೈಲ್ ಆಫ್ಟರ್ ಅಬ್ಡಿಕೇಶನ್" ನನ್ನ ಪ್ರಕಾರ ಅವರ ಮುಖ್ಯ ಕೆಲಸ. ಹಳೆ ಗೆಳೆಯ ಲೂ ರೀಡ್, ಸೋನಿಕ್ ಯೂತ್ ಬ್ಯಾಂಡಿನವರು ಬಂದು ಜೊತೆ ಕೊಟ್ಟರು. ಅದರಲ್ಲಿ "ಸ್ಪ್ಯಾಮ್ ಅಗೇನ್" ಅಂತ ಒಂದು ಹಾಡು. ಸ್ಪ್ಯಾಮ್ ಅಂದ್ರೆ ಡಬ್ಬಿಯಲ್ಲಿ ಬರೋ ಅಗ್ಗದ ಮಾಂಸ. ಎಷ್ಟು ದುಡಿದರೂ ಸಾಲದ ಸಂಬಳದ ಮನೆಯ ಹಾಡು ಅದು. "ವರ್ಕ್" ಅನ್ನೋ ಹೆಸರಿನ ಹಾಡೂ ಅದೇ ಆಲ್ಬಂನಲ್ಲಿದೆ. ರಾಕ್ ಸಂಗೀತದಲ್ಲಿ ಪ್ರೇಮ ಇದೆ, ನಶೆ ಇದೆ, ರಸ್ತೆ ಇದೆ. ಮಕ್ಕಳ ತಟ್ಟೆಗೆ ಇವತ್ತೇನು ಹಾಕಲಿ ಅನ್ನೋ ತಾಯಿಯ ಲೆಕ್ಕ ಎಲ್ಲಿದೆ ಹುಡುಕಿ. ಅಪರೂಪ.

1993ರಲ್ಲಿ ಹಳೆ ನಾಲ್ವರೂ ಮತ್ತೆ ಸೇರಿ ಯುರೋಪ್ ಸುತ್ತಿದರು. 1995ರಲ್ಲಿ ಸ್ಟರ್ಲಿಂಗ್ ಮಾರಿಸನ್ ತೀರಿಕೊಂಡರು. 1996ರಲ್ಲಿ ಬ್ಯಾಂಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂತು. "ಇವಳಿಗೆ ಬಾರಿಸೋಕೆ ಬರಲ್ಲ, ಅದಕ್ಕೇ ಇಷ್ಟು ಸರಳ" ಅಂದವರ ಬಾಯಿ ಆಗಲೂ ಪೂರ್ತಿ ಮುಚ್ಚಲಿಲ್ಲ. ಇದೇ ಮಾತನ್ನ ಮುಂದೆ ವೈಟ್ ಸ್ಟ್ರೈಪ್ಸ್ ಬ್ಯಾಂಡಿನ ಮೆಗ್ ವೈಟ್ ಕೂಡ ಕೇಳಬೇಕಾಯಿತು. ಗಂಡಸು ಸರಳವಾಗಿ ಬಾರಿಸಿದರೆ ಸಂಯಮ. ಹೆಣ್ಣು ಸರಳವಾಗಿ ಬಾರಿಸಿದರೆ ದಡ್ಡತನ.

*

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ನಾವು ಚೆಂದಕ್ಕೆ ಇತಿಹಾಸ ಬರೆಯೋರಲ್ಲ.

2010ರಲ್ಲಿ ಮೋ ಟಕರ್ ಮತ್ತೆ ಸುದ್ದಿಯಾದರು. ಜಾರ್ಜಿಯಾದಲ್ಲಿ ಟೀ ಪಾರ್ಟಿ ಚಳವಳಿಯ ಸಭೆಯೊಂದರಲ್ಲಿ ಸ್ಥಳೀಯ ಟಿವಿಯವರ ಜೊತೆ ಮಾತಾಡಿದ್ದರು. ದೇಶವನ್ನು ಸಮಾಜವಾದದ ಕಡೆಗೆ ಎಳ್ಕೊಂಡು ಹೋಗ್ತಿದ್ದಾರೆ ಅಂತ ಅವರಿಗೆ ಸಿಟ್ಟು. ಟೀ ಪಾರ್ಟಿ ಅಂದ್ರೆ ಅಮೆರಿಕದ ಮೊದಲ ಕಪ್ಪು ಅಧ್ಯಕ್ಷ ಒಬಾಮಾ ಸರ್ಕಾರದ ವಿರುದ್ಧ ಎದ್ದ ಬಲಪಂಥೀಯ ಚಳವಳಿ. ತೆರಿಗೆ, ಸರ್ಕಾರಿ ಖರ್ಚು, ಎಲ್ಲರಿಗೂ ಆರೋಗ್ಯ ವಿಮೆ ಕೊಡೋ ಯೋಜನೆ ಇವುಗಳನ್ನ ವಿರೋಧಿಸಿದ ಗುಂಪು. ಅವರ ಅಭಿಮಾನಿಗಳಿಗೆ ಸಿಡಿಲು ಬಡಿದಂಗಾಯಿತು. ಕೂಲಿಯ ಕಷ್ಟ ಹಾಡಿದ, ಒಂಟಿಯಾಗಿ ಐದು ಮಕ್ಕಳನ್ನ ಸಾಕಿದ ಹೆಣ್ಣುಮಗಳು ಬಡವರ ಆರೋಗ್ಯಕ್ಕೆ ಸರ್ಕಾರ ದುಡ್ಡು ಹಾಕೋದನ್ನ ವಿರೋಧಿಸೋ ಗುಂಪಿನಲ್ಲಿ!

ನಮಗೆ ಆಶ್ಚರ್ಯ ಆಗಬಾರದು. ತಮಟೆ ಸದ್ದಿಗೆ ಮೈಮರೆತು ಕುಣಿದು, ಮರುದಿನ ಮೀಸಲಾತಿ ವಿರುದ್ಧ ಸ್ಟೇಟಸ್ ಹಾಕೋರನ್ನ ನಾವು ದಿನಾ ನೋಡ್ತೀವಿ. ತಾಳ ಒಂದು ಮೈಯಿಂದ ಇನ್ನೊಂದು ಮೈಗೆ ಸುಲಭವಾಗಿ ದಾಟುತ್ತೆ. ಆ ತಾಳದ ಹಿಂದಿರೋ ನೋವು, ರಾಜಕೀಯ ತಾನಾಗೇ ದಾಟಲ್ಲ. ಅದನ್ನ ಬಾಯಿಬಿಟ್ಟು ಹೇಳಬೇಕು, ಕಲಿಸಬೇಕು, ಜಗಳ ಆಡಬೇಕು. ಬೋ ಡಿಡ್ಲಿ ಅವರನ್ನ ಮನಸ್ಸಾರೆ ಪ್ರೀತಿಸಿದ ಮೋ ಅವರಿಗೆ ಲೆವಿಟ್‌ಟೌನಿನ ಬೇಲಿ ಯಾರ ದುಡ್ಡಲ್ಲಿ, ಯಾವ ಸರ್ಕಾರಿ ಸಾಲದ ನೆರವಲ್ಲಿ ಎದ್ದು ನಿಂತಿತು ಅಂತ ಕಲಿಸಿದ ರೆಕಾರ್ಡ್ ಯಾವುದೂ ಇರಲಿಲ್ಲ. ಸರ್ಕಾರದ ನೆರವು ಬಿಳಿಯರ ಮನೆಗೆ ಬಂದಾಗ ಅದಕ್ಕೆ ಯಾರೂ ಸಮಾಜವಾದ ಅನ್ನಲಿಲ್ಲ.

ಇದರಿಂದ ಅವರ ಡ್ರಮ್ ಸುಳ್ಳಾಗುತ್ತಾ? ಇಲ್ಲ. ಹೆಣ್ಣಾಗಿ ಅವರು ದಾಟಿದ್ದು ನಿಜ. ದುಡಿದದ್ದು ನಿಜ. ಆದರೆ ಒಬ್ಬರ ಕಲೆಗೆ ಕೈ ಮುಗಿಯೋದೂ, ಅವರನ್ನ ನಾಯಕರು ಅಂತ ಹೊತ್ತು ತಿರುಗೋದೂ ಬೇರೆ ಬೇರೆ. ವ್ಯಕ್ತಿಪೂಜೆ ಬೇಡ ಅಂತ ಬಾಬಾಸಾಹೇಬರು ಸುಮ್ಮನೆ ಎಚ್ಚರಿಸಲಿಲ್ಲ.

*

ಕೊನೆಗೆ ನಮ್ಮ ಚರ್ಮವಾದ್ಯದ ಮಾತು.

ಅಲ್ಲಿ ಧಣಿಗಳು ಡ್ರಮ್ ಮುಟ್ಟಬೇಡ ಅಂದರು. ಇಲ್ಲಿ ಧಣಿಗಳು ನೀನೇ ಬಡಿ, ಬಡಿಯಲೇಬೇಕು ಅಂದರು. ಸಾವಿಗೆ ಬಡಿ, ಜಾತ್ರೆಗೆ ಬಡಿ, ಡಂಗುರಕ್ಕೆ ಬಡಿ, ಕೂಲಿ ಕೇಳಬೇಡ, ಗುಡಿಯ ಹೊರಗೆ ನಿಲ್ಲು. ನಿಷೇಧವೂ ಬಿಟ್ಟಿಚಾಕರಿಯೂ ನೋಡೋಕೆ ವಿರುದ್ಧ. ಆದರೆ ಎರಡರಲ್ಲೂ ಯಾರು, ಯಾವಾಗ, ಯಾರಿಗಾಗಿ ಬಾರಿಸಬೇಕು ಅಂತ ತೀರ್ಮಾನ ಮಾಡೋನು ಧಣಿ. ಅದಕ್ಕೇ ನಮ್ಮಲ್ಲಿ ಎರಡು ಹಟ್ಟಿಗಳಲ್ಲೂ ಎರಡು ಮಾತಿದೆ. ಅವಮಾನದ ತಮಟೆ ಬಿಸಾಕಿ ಅನ್ನೋದು ಒಂದು. ಅದೇ ತಮಟೆಯನ್ನ ಹೋರಾಟದ ದನಿ ಮಾಡಿ ಅನ್ನೋದು ಇನ್ನೊಂದು. ಎರಡಕ್ಕೂ ಅವರವರ ನೋವಿನ ಕಾರಣ ಇದೆ. ಬಲವಂತಕ್ಕೆ ಬಡಿಯಲ್ಲ, ನಮ್ಮಿಷ್ಟಕ್ಕೆ ಬಡೀತೀವಿ ಅನ್ನೋ ಜಾಗದಲ್ಲಿ ಎರಡೂ ಮಾತು ಕೂಡಬಹುದು ಅಂತ ನನ್ನ ನಂಬಿಕೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಷ್ಟು ಕೇರಿಗಳಲ್ಲಿ ಹಬ್ಬ ಆಯಿತು ನೆನಪಿದೆಯಲ್ಲ.

ಆದರೆ ಈ ಎರಡೂ ಮಾತಿನ ನಡುವೆ ನಮ್ಮ ಹೆಣ್ಣುಮಕ್ಕಳು ಎಲ್ಲಿ? ಧಣಿ ನಮಗೆ ಹಾಕಿದ ನಿಯಮವನ್ನ ಮುರಿದೆವು. ನಾವು ನಮ್ಮ ಹೆಣ್ಣುಮಕ್ಕಳಿಗೆ ಹಾಕಿದ ನಿಯಮ?

ದಾರಿ ತೋರಿಸಿದವರು ಇದ್ದಾರೆ. ತಮಿಳುನಾಡಿನ ದಿಂಡಿಗಲ್‌ನಲ್ಲಿ ಶಕ್ತಿ ತಂಡದ ದಲಿತ ಹೆಣ್ಣುಮಕ್ಕಳು ಪರೈ ಬಾರಿಸ್ತಾ ಎಷ್ಟೋ ವರ್ಷ ಆಯಿತು. ಬಿಹಾರದ ಪಟ್ನಾ ಹತ್ತಿರದ ಧಿಬ್ರಾ ಹಳ್ಳಿಯಲ್ಲಿ ಹೊಲದ ಕೂಲಿ ಮಾಡುತ್ತಿದ್ದ ಮಹಾದಲಿತ ಹೆಂಗಸರು ಸರ್ಗಮ್ ಮಹಿಳಾ ಬ್ಯಾಂಡ್ ಕಟ್ಟಿದರು. ಊರಿನವರು ನಕ್ಕರು, ಮನೆಯವರು ಬೈದರು. ಇವತ್ತು ಮದುವೆಗಳಿಗೆ ಕರೆಸ್ತಾರೆ, ದುಡ್ಡು ಕೊಟ್ಟು ಕರೆಸ್ತಾರೆ. ದುಡ್ಡು ಕೊಟ್ಟು ಅನ್ನೋದನ್ನ ಮತ್ತೆ ಹೇಳ್ತೀನಿ.

ಹಾಗಾಗಿ ಸಂಘಟನೆಯ ಗೆಳೆಯರಲ್ಲಿ, ಅಣ್ಣಂದಿರಲ್ಲಿ ಮೂರು ಕೇಳಿಕೆ. ಬರೋ ಏಪ್ರಿಲ್ 14ರ ಮೆರವಣಿಗೆಗೆ ನಿಮ್ಮ ಕೇರಿಯ ಹೆಣ್ಣುಮಕ್ಕಳಿಗೂ ತಮಟೆ ಕಲಿಸಿ, ಕೋರಸ್‌ಗೆ ನಿಲ್ಲಿಸಿ ಸುಮ್ಮನಾಗಬೇಡಿ. ಯಾರೇ ಬಾರಿಸಲಿ, ಸಂಭಾವನೆ ಕೊಡಿ, ಬಿಟ್ಟಿ ಬಡಿಸಿಕೊಂಡ ಊರಗೌಡನಿಗೂ ನಮಗೂ ವ್ಯತ್ಯಾಸ ಇರಲಿ. ಬಾರಿಸೋಕೆ ಮುಂಚೆ ಆ ವಾದ್ಯದ ಕಥೆಯನ್ನ ಐದು ನಿಮಿಷ ಹೇಳಿ, ಕುಣಿಯೋಕೆ ಬಂದವರು ಕೇಳಿಸಿಕೊಂಡೇ ಕುಣಿಯಲಿ.

ಮೋ ಟಕರ್ ಹಾಡುಗಳು ಸಿಕ್ಕರೆ ಕೇಳಿ. ಅದಕ್ಕೂ ಮುಂಚೆ ಬೋ ಡಿಡ್ಲಿ ಕೇಳಿ, ಒಲಾತುಂಜಿ ಕೇಳಿ. ನಿಮ್ಮ ಊರಲ್ಲಿ ತಮಟೆ, ಹಲಗೆ ಬಾರಿಸೋ ಹೆಣ್ಣುಮಕ್ಕಳ ತಂಡ ಇದ್ದರೆ ಕಾಮೆಂಟಿನಲ್ಲಿ ತಂಡದ ಹೆಸರು ಬರೀರಿ, ಎಲ್ಲರೂ ಕರೆಸೋಣ.

ಜೈ ಭೀಮ್.